ಬೆರಳು ಕಾಣುವಷ್ಟು ತಿಳಿ

ಕೋಲಾರದಲ್ಲಿ ಬಸ್ಸು ಹತ್ತಿದಾಗಿನಿಂದಲೂ ಗುರುವಪ್ಪ ಹೊಟ್ಟೆಯನ್ನು ಬಿಗಿಹಿಡಿದುಕೊಂಡೇ ಕೂತಿದ್ದ. "ಪರೀಕ್ಷೆ ಮಾಡೋವಾಗ ಒಳಗೆ ಗಾಳಿ ತುಂಬಿರ್ತೀವಿ ಸಾರ್. ಹೋಗೋಕೆ ಬಿಡಿ, ನಾಚ್ಕೊಂಡು ತಡ್ಕೋಬೇಡಿ, ಆಮೇಲೆ ನೋವು ಬರ್ತದೆ" ಎಂದು ನರ್ಸಮ್ಮ ಹೇಳಿ ಕಳಿಸಿದ್ದಳು. ಅವಳಿಗೇನು, ಹೇಳಿಬಿಟ್ಟಳು. ಶ್ರೀನಿವಾಸಪುರದ ಬಸ್ಸು, ಅದೂ ಮಾವಿನ ಕಾಲ, ನಿಲ್ಲುವುದಕ್ಕೂ ಜಾಗವಿಲ್ಲ. ಹೆಗಲ ಮೇಲೆ ಯಾರದೋ ಮೊಣಕೈ, ಕಾಲ ಬಳಿ ಯಾರದೋ ಬುಟ್ಟಿ. ಇದರ ನಡುವೆ ಒಂದೂರಿನ ಡೈರಿ ಸೆಕ್ರೆಟರಿ ನಾಚಿಕೆ ಬಿಟ್ಟು ಗಾಳಿ ಬಿಡಬೇಕಂತೆ. ಬಸ್ಸು ಗುಂಡಿಗೆ ಇಳಿದು ಎದ್ದಾಗಲೆಲ್ಲ ಅವನು ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿಯುತ್ತಿದ್ದ. ಕಂಬಿ ಹಿಡಿದ ಕೈಯ ಹಿಂಬದಿಗೆ ಸೂಜಿ ಚುಚ್ಚಿದಲ್ಲಿ ಹತ್ತಿ ಇಟ್ಟು ಬಿಳಿ ಪಟ್ಟಿ ಅಂಟಿಸಿದ್ದರು. ಕಿಟಕಿಯ ಪಕ್ಕ ಕೂತಿದ್ದ ಹೆಂಡತಿ ಅಕ್ಕಯಮ್ಮ ಆಸ್ಪತ್ರೆಯ ಫೈಲನ್ನು ತೊಡೆಯ ಮೇಲೆ ಮಗುಚಿ ಹಾಕಿಕೊಂಡು ಹೊರಗೆ ನೋಡುತ್ತಿದ್ದಳು. ಆಸ್ಪತ್ರೆಯ ಮೆಟ್ಟಿಲಿಳಿದ ಮೇಲೆ ಅವಳು ಒಂದು ಮಾತೂ ಆಡಿರಲಿಲ್ಲ. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಹಿಂದುಗಡೆ ತೆರೆದಿರುವ ಒಂದು ಹಸಿರು ಅಂಗಿ ಕೊಟ್ಟು, ಉಟ್ಟಿದ್ದನ್ನೆಲ್ಲ ಬಿಚ್ಚಿ ಇದನ್ನು ತೊಡಿ ಎಂದಿದ್ದರು. ಎಡ ಮಗ್ಗುಲಿಗೆ ಮಲಗಿ, ಮೊಣಕಾಲನ್ನು ಎದೆಗೆ ಎಳೆದುಕೊಳ್ಳಿ ಎಂದರು. ತಾಯ ಹೊಟ್ಟೆಯಲ್ಲಿದ್ದ ಹಾಗೆ ಮುದುರಿ ಮಲಗಿದಾಗ ಬೆನ್ನಿಗೆ ಫ್ಯಾನಿನ ಗಾಳಿ ತಾಗಿ, ತಾನು ಈ ವಯಸ್ಸಿನಲ್ಲಿ ಯಾರ್‍ಯಾರ ಮುಂದೆಯೋ ಬೆತ್ತಲೆ ಬಿದ್ದಿದ್ದೇನಲ್ಲ ಎಂದು ಅವನಿಗೆ ಅಳು ಬಂದಂತಾಯಿತು. ಕೈಗೆ ಚುಚ್ಚಿದ ಮದ್ದಿನಿಂದ ಕಣ್ಣು ಎಳೆಯುತ್ತಿತ್ತು, ಆದರೆ ನಿದ್ದೆ ಬಂದಿರಲಿಲ್ಲ. ಕ್ಯಾಮೆರಾ ಇರುವ ಸಣ್ಣ ಪೈಪು ಒಳಗೆ ಹೋಗುವುದು ನೋವಿಗಿಂತ ಹೆಚ್ಚಾಗಿ ಒಂದು ಒತ್ತಡವಾಗಿ, ಈಗಲೇ ಕಕ್ಕಸಿಗೆ ಓಡಬೇಕೆನ್ನುವ ಅವಸರವಾಗಿ ತಿಳಿಯುತ್ತಿತ್ತು. ತಲೆಯ ಆಚೆ ಒಂದು ಟೀವಿ. ಅದರಲ್ಲಿ ಅವನ ಒಳಗು. ಕೆಂಪಗೆ ನಯವಾಗಿ ಕಾಣುತ್ತದೆ ಎಂದು ನರ್ಸಮ್ಮ ಹೇಳಿದ್ದಳು. ಅವನಿಗೆ ಕಂಡದ್ದು ಕೆರೆ ಬತ್ತಿದಾಗ ಉಳಿಯುವ ರಾಡಿ. "ಇದೇನ್ರೀ ಇದು?" ಎಂದರು ಡಾಕ್ಟರು. "ಏನು ತಿಂದಿದೀರ?" ಗುರುವಪ್ಪ ಗೋಡೆ ನೋಡಿಕೊಂಡು "ಏನೂ ಇಲ್ಲ ಸಾರ್" ಎಂದ. "ಏನೂ ತಿನ್ನದೆ ಇದೆಲ್ಲ ಎಲ್ಲಿಂದ ಬಂತು? ಎಷ್ಟು ತೊಳೆದ್ರೂ ಬಿಡ್ತಾ ಇಲ್ಲ. ಸಾಸಿವೆಯಷ್ಟು ಗಂಟು ಇದ್ರೂ ನಾವು ನೋಡ್ಬೇಕು, ಇದರಲ್ಲಿ ನಿಂಬೆಹಣ್ಣಿನಷ್ಟು ಇದ್ರೂ ಕಾಣಲ್ಲ." ಪೈಪು ಹಿಂದಕ್ಕೆ ಬಂತು, ಮುಂದಿನ ವಾರ ಮತ್ತೆ ಬನ್ನಿ ಎಂದರು. ಅಕ್ಕಯಮ್ಮನನ್ನು ಒಳಗೆ ಕರೆಸಿದರು. ಅರೆಗಣ್ಣಲ್ಲಿ ಮಲಗಿದ್ದವನಿಗೆ ಅವಳ ಸೀರೆಯ ಅಂಚು ಮಾತ್ರ ಕಾಣುತ್ತಿತ್ತು. "ಏನಮ್ಮ ಕೊಟ್ರಿ ಇವರಿಗೆ?" "ನೀವು ಹೇಳಿದ್ದು ಬಿಟ್ಟು ಬೇರೇನೂ ಕೊಟ್ಟಿಲ್ಲ ಸಾರ್." "ಸುಳ್ಳು ಹೇಳ್ಬೇಡಿ. ಗಂಡನ ಮೇಲೆ ಪ್ರೀತಿ ಇದ್ರೆ ಹೀಗೆ ಮಾಡ್ತಾರಾ?" ಸೀರೆಯ ಅಂಚು ಒಂದು ಹೆಜ್ಜೆ ಹಿಂದೆ ಸರಿಯಿತು. ಗುರುವಪ್ಪ ಸುಮ್ಮನಿದ್ದ. ಮದ್ದಿನ ಮಂಪರು ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಮಂಪರೇನೂ ಅಷ್ಟಿರಲಿಲ್ಲ.

"ಅರೆ, ಸೆಕ್ರೆಟರಿ ಸಾಬ್!" ಮುಂದಿನ ಸೀಟಿನಿಂದ ತಾಜ್ ಪಾಷಾ ತಿರುಗಿದ. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟವನು. ಗೌನಿಪಲ್ಲಿ ಕಡೆಯ ತೋಟಗಳಿಗೆ ಬಂದಾಗಲೆಲ್ಲ ಡೈರಿಯ ಕಟ್ಟೆಯಲ್ಲಿ ಕೂತು ಹೋಗುವ ಹಳೆಯ ಪರಿಚಯ. "ಏನು, ಕೋಲಾರಕ್ಕೆ? ಇಬ್ಬರೂ?"

"ಕಣ್ಣು ತೋರಿಸ್ಕೊಂಡು ಬಂದ್ವಿ ಪಾಷಾ" ಎಂದ ಗುರುವಪ್ಪ.

ತಾಜ್ ಪಾಷಾ ಅವನ ಕೈಯ ಪಟ್ಟಿ ನೋಡಿದ. "ಕಣ್ಣಿಗೆ ಕೈಗೆ ಸೂಜಿ ಹಾಕ್ತಾರಾ ಈಗ?"

"ಕಣ್ಣಲ್ಲ ಅಣ್ಣ" ಎಂದಳು ಅಕ್ಕಯಮ್ಮ, ಕಿಟಕಿಯಿಂದ ಮುಖ ತಿರುಗಿಸದೆಯೇ. "ಕರುಳು."

ತಾಜ್ ಪಾಷಾ ಒಂದು ಕ್ಷಣ ಇಬ್ಬರನ್ನೂ ನೋಡಿದ. ಸೊಣ್ಣಪ್ಪನ ಸಾವಿಗೆ ಅವನೂ ಬಂದಿದ್ದವನು. "ಅಲ್ಲಾ ಅವ್ನೆ ಬಿಡಿ" ಎಂದು ಮೆಲ್ಲಗೆ ಹೇಳಿ ಮುಂದಕ್ಕೆ ತಿರುಗಿ ಕೂತ. ಆಮೇಲೆ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮಾತುಗಾರ ಮನುಷ್ಯ. ಅವನು ಸುಮ್ಮನಾದದ್ದಕ್ಕೇ ಗುರುವಪ್ಪನಿಗೆ ಹೆದರಿಕೆಯಾಯಿತು.

ಸೊಣ್ಣಪ್ಪ ಎಂದರೆ ಗುರುವಪ್ಪನ ಅಣ್ಣ. ವರ್ಷಗಟ್ಟಲೆ ರಕ್ತ ಬೀಳುತ್ತಿದ್ದರೂ ಮೂಲವ್ಯಾಧಿ, ಉಷ್ಣ ಎಂದು ಮಜ್ಜಿಗೆ ಕುಡಿದುಕೊಂಡು ತಿರುಗಿದ. ಕೊನೆಗೆ ಕರುಳೇ ಮುಚ್ಚಿಹೋಗಿ ಹೊಟ್ಟೆ ತಮಟೆಯಾದಾಗ ಕೊಯ್ದು ನೋಡಿದರು, ಕ್ಯಾನ್ಸರಿನ ಗಂಟು, ತಡವಾಗಿತ್ತು. ಆಮೇಲೆ ಗುರುವಪ್ಪ ಅದನ್ನು ಮರೆತೇಬಿಟ್ಟಿದ್ದ, ಅಂದರೆ ಮರೆತವನ ಹಾಗೆ ಇರುವುದನ್ನು ಕಲಿತಿದ್ದ. ಈ ಬೇಸಗೆಯಲ್ಲಿ ಡೈರಿಯ ಮುಂದೆ ಶಾಮಿಯಾನ ಹಾಕಿ ಆರೋಗ್ಯ ಶಿಬಿರ ಮಾಡಿದರು. ಬೀಪಿ, ಶುಗರ್ ನೋಡಿ ಕಳಿಸುತ್ತಾರೆ ಎಂದುಕೊಂಡು ಕೂತವನನ್ನು ಮನೆಯಲ್ಲಿ ಯಾರಿಗೆ ಏನೇನು ಕಾಯಿಲೆ ಎಂದು ಕೇಳಿದರು. ಅಣ್ಣನ ವಿಷಯ ಬಾಯಿಗೆ ಬಂದದ್ದೇ ತಡ, ಕಡ್ಡಿ ಇರುವ ಒಂದು ಪುಟ್ಟ ಸೀಸೆ ಕೈಗಿತ್ತರು. ಬೆಳಿಗ್ಗೆದ್ದು ಕಡ್ಡಿಯನ್ನು ಮಲಕ್ಕೆ ನಾಲ್ಕು ಕಡೆ ಚುಚ್ಚಿ, ಮುಚ್ಚಳ ತಿರುಗಿಸಿ ತಂದುಕೊಡಿ ಎಂದರು. ದಿನವೂ ಜನರ ಹಾಲಿನಲ್ಲಿ ಲ್ಯಾಕ್ಟೋಮೀಟರು ಮುಳುಗಿಸಿ, "ನೀರು ಜಾಸ್ತಿ, ಇವತ್ತು ಆಗಲ್ಲ, ವಾಪಸ್ ತಗೊಂಡ್ಹೋಗಮ್ಮ" ಎನ್ನುವವನು ತನ್ನದೇ ಸ್ಯಾಂಪಲ್ಲನ್ನು ಕಾಗದದಲ್ಲಿ ಸುತ್ತಿ, ಯಾರ ಕಣ್ಣಿಗೂ ಬೀಳದಂತೆ ಮೇಜಿನ ಕೆಳಗಿನಿಂದ ಕೊಟ್ಟ. ಕಣ್ಣಿಗೆ ಕಾಣದ ರಕ್ತ ಇದೆ ಎಂದು ಫೋನು ಬಂತು. "ಗಾಬರಿ ಬೀಳ್ಬೇಡಿ, ಹೀಗೆ ಬಂದವರಲ್ಲಿ ಬಹಳ ಜನಕ್ಕೆ ನಿಮ್ಮಣ್ಣನ ಕಾಯಿಲೆ ಇರಲ್ಲ. ಮೂಲವ್ಯಾಧಿಗೂ ಬರಬಹುದು. ಸಣ್ಣ ಗಂಟಿದ್ರೆ ಪೈಪಿನಲ್ಲೇ ತೆಗೆದುಬಿಡ್ತಾರೆ, ಅದು ಮುಂದೆ ಕೆಡೋದೂ ತಪ್ಪುತ್ತೆ. ಆದ್ರೆ ಒಳಗೆ ನೋಡ್ಲೇಬೇಕು" ಎಂದಳು ನರ್ಸಮ್ಮ. ಒಳ್ಳೆಯ ಹುಡುಗಿ, ತಾಳ್ಮೆಯಿಂದ ಎಲ್ಲ ಹೇಳಿದಳು. ಎರಡು ದಿನ ಮುಂಚಿನಿಂದ ರಾಗಿ, ಸೊಪ್ಪು, ಬೀಜದ ಕಾಯಿ, ಮಾವು ಬೇಡ. ಹಿಂದಿನ ದಿನ ಬರೀ ತಿಳಿ ನೀರು. ಸಂಜೆಯಿಂದ ಹೊಟ್ಟೆ ತೊಳೆಯುವ ಪುಡಿ ಕಲಸಿ ಕುಡಿಯುವುದು. ತಿಳಿ ಅಂದರೆ ಎಷ್ಟು ತಿಳಿ ಎಂದು ಅಕ್ಕಯಮ್ಮ ಕೇಳಿದ್ದಕ್ಕೆ, "ಲೋಟದ ಹಿಂದೆ ಬೆರಳಿಟ್ರೆ ಈ ಕಡೆಯಿಂದ ಬೆರಳು ಕಾಣ್ಬೇಕಮ್ಮ" ಎಂದಿದ್ದಳು. ಮನೆಯಲ್ಲಿ ಇದ್ದ ಲೋಟಗಳೆಲ್ಲ ಸ್ಟೀಲಿನವು.

"ನಿನ್ನೆ ನಿಮ್ಮ ಬದಲು ನಾನು ಡೈರಿಗೆ ಹೋಗಿದ್ದಾಗಲಾ?" ಅಕ್ಕಯಮ್ಮ ಇದ್ದಕ್ಕಿದ್ದಂತೆ ಕೇಳಿದಳು. ಬಸ್ಸು ಯಾವುದೋ ಹಳ್ಳಿಯ ಗೇಟಿನಲ್ಲಿ ಜನ ಇಳಿಸಲು ನಿಂತಿತ್ತು.

ಗುರುವಪ್ಪ ತಲೆ ಆಡಿಸಿದ.

"ಅತ್ತೆ ಕೊಟ್ರಾ?"

"ಹ್ಞೂಂ."

"ಏನು?"

"ಗಂಜಿ. ನೀರಂಗೇ ಇತ್ತು ಕಣೇ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅಲ್ಲೇ ಒಂದು ಮಾತು ಡಾಕ್ಟ್ರಿಗೆ ಹೇಳ್ಬಾರ್ದಾಗಿತ್ತಾ? ಅಷ್ಟು ಜನರ ಮುಂದೆ ನನ್ನ ಸುಳ್ಳಿ ಮಾಡಿಬಿಟ್ರಿ."

ಗುರುವಪ್ಪ ಕೈಯ ಪಟ್ಟಿಯ ಅಂಚು ಕೀಳತೊಡಗಿದ. ಹೇಳಬೇಕಾದ್ದು ನಿನ್ನೆ ಸಂಜೆಯದಲ್ಲ. ನಿನ್ನೆ ಸಂಜೆ ಅಮ್ಮ, ದೊಡ್ಡವೆಂಕಟಮ್ಮ, ಸೆರಗಿನ ಕೆಳಗೆ ಲೋಟ ಇಟ್ಟುಕೊಂಡು, ಗೋಡೆ ಹಿಡಿದುಕೊಂಡು ಬಂದು ಮಂಚದ ತುದಿಗೆ ಕೂತಳು. ರಾಗಿ ಗಂಜಿ, ಉಪ್ಪು ಹಾಕಿ, ಮೇಲೆ ಒಂಚೂರು ಮಜ್ಜಿಗೆ. "ಕುಡಿ ನಾಯ್ನಾ, ಅವ್ಳು ಬರೋದ್ರೊಳಗೆ. ಹಿಟ್ಟು ತಿಂದ ಮೈ, ಬರೀ ನೀರಲ್ಲಿ ನಿಲ್ಲಲ್ಲ." ಬೇಡ ಎನ್ನಬೇಕು ಎಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಮೂಗಿಗೆ ಬಿಸಿ ರಾಗಿಯ ವಾಸನೆ ಬಂತು. ಬೇಡ ಎಂದು ಬಾಯಿ ತೆರೆದವನು ಕುಡಿದುಬಿಟ್ಟ, ಎರಡು ಲೋಟ. ಗಂಜಿ ಇಳಿದ ಹೊಟ್ಟೆಗೆ ಪುಡಿಯ ನೀರು ಹಿಡಿಸದೆ ವಾಕರಿಕೆ ಬಂದು, ಕೊನೆಕೊನೆಯ ಲೋಟಗಳನ್ನು ಬಚ್ಚಲಿಗೆ ಸುರಿದಿದ್ದ. ಇದನ್ನು ಅಕ್ಕಯಮ್ಮನಿಗೆ ಹೇಳಿಬಿಡಬಹುದು. ಆದರೆ ಬೇಡ ಎನ್ನಲು ತನ್ನಿಂದ ಏಕೆ ಆಗಲಿಲ್ಲ ಎಂದು ಹೇಗೆ ಹೇಳುವುದು? ಅಣ್ಣ ಮಲಗಿದ್ದ ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ಅಂದು ಎರಡೂ ಕೈ ಅಡ್ಡ ಚಾಚಿ ನಿಂತವನು ಅವನೇ. ಸೊಣ್ಣಪ್ಪನ ಮಂಚಕ್ಕೆ 'ಬಾಯಿಗೆ ಏನೂ ಕೊಡಬಾರದು' ಎಂದು ಬರೆದು ನೇತುಹಾಕಿದ್ದರು. ಅಮ್ಮ ಮೊದಲ ಬಸ್ಸಿಗೆ ಬಂದಿದ್ದಳು, ಕ್ಯಾನಿನ ತುಂಬ ಗಂಜಿ. "ಕೊಡಂಗಿಲ್ಲಮ್ಮ." "ಒಂದು ಲೋಟ ಕಣೋ." "ಒಂದು ತೊಟ್ಟೂ ಕೊಡಂಗಿಲ್ಲ, ಹೋಗು." ಒಳಗಿನಿಂದ ಸೊಣ್ಣಪ್ಪ ಕೂಗಿದ. "ಅಮ್ಮಾ, ಆಕಲಿ." ಆ ಮನೆಯಲ್ಲಿ ಜಗಳ, ಲೆಕ್ಕ, ವ್ಯವಹಾರ ಎಲ್ಲ ಕನ್ನಡ, ಹಸಿವಿಗೆ, ಅಳುವಿಗೆ ಮಾತ್ರ ತೆಲುಗು. ಅಮ್ಮ ಅದನ್ನು ಕೇಳಿಸಿಕೊಂಡು, ತುಂಬಿದ ಕ್ಯಾನನ್ನು ಹಾಗೇ ತೊಡೆಯ ಮೇಲಿಟ್ಟುಕೊಂಡು ಸಂಜೆ ಬಸ್ಸಿಗೆ ಊರಿಗೆ ಹೋದಳು. ಅವಳು ಮತ್ತೆ ಅವನನ್ನು ಜೀವಂತ ನೋಡಲಿಲ್ಲ. ಗಂಜಿ ಕೊಟ್ಟಿದ್ದರೆ ಅಣ್ಣ ಇನ್ನೂ ಬೇಗ ಹೋಗುತ್ತಿದ್ದ. ಡಾಕ್ಟರು ಹೇಳಿದ್ದು ಸರಿ, ಗುರುವಪ್ಪ ಮಾಡಿದ್ದೂ ಸರಿ. ಸರಿ ಇದ್ದು ಏನು ಬಂತು? ಅಂದಿನಿಂದ ಇವತ್ತಿನವರೆಗೆ ಅಮ್ಮ ಅದರ ಬಗ್ಗೆ ಒಂದು ಮಾತೂ ಎತ್ತಿಲ್ಲ. ಊಟಕ್ಕೆ ಕೂತಾಗ ಅವನ ತಟ್ಟೆಗೆ ಎರಡನೇ ಮುದ್ದೆ ಹಾಕುವಾಗ ಮಾತ್ರ ಅವಳ ಕೈ ಒಂದು ಗಳಿಗೆ ನಿಲ್ಲುತ್ತದೆ, ಅಥವಾ ಹಾಗೆ ನಿಲ್ಲುತ್ತದೆ ಎಂದು ಅವನಿಗೆ ಅನಿಸುತ್ತದೆ.

ಶ್ರೀನಿವಾಸಪುರದಲ್ಲಿ ಇಳಿದಾಗ ಗೌನಿಪಲ್ಲಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಕ್ಕಯಮ್ಮ ಅವನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ ಹೋದಳು. ಸುತ್ತ ಯಾರೂ ಇಲ್ಲದ್ದನ್ನು ನೋಡಿ ಗುರುವಪ್ಪ ಒಂದು ತೊಡೆ ಎತ್ತಿ ಹೊಟ್ಟೆಯ ಗಾಳಿಯನ್ನು ಬಿಟ್ಟ. ಕಣ್ಣಲ್ಲಿ ನೀರು ಬರುವಷ್ಟು ಸುಖವಾಯಿತು. ಅವಳು ಕಾಗದದಲ್ಲಿ ಸುತ್ತಿದ ಒಂದು ಗಾಜಿನ ಲೋಟ ತಂದು ಚೀಲಕ್ಕೆ ಹಾಕಿದಳು. "ಮುಂದಿನ ವಾರಕ್ಕೆ" ಎಂದಳು. ನಾನು ಮತ್ತೆ ಹೋಗುವುದಿಲ್ಲ ಎಂದು ಅವನು ಬಸ್ಸಿನಲ್ಲೇ ತೀರ್ಮಾನ ಮಾಡಿದ್ದ. ಇದ್ದರೆ ಇರಲಿ, ಗೊತ್ತಾಗದೆ ಇರಲಿ. ಗೊತ್ತಾದ ದಿನದಿಂದ ಅಣ್ಣ ಬದುಕಿದ್ದೆಲ್ಲಿ? ಆ ಮಾತನ್ನು ಲೋಟ ನೋಡಿದ ಮೇಲೆ ಹೇಳಲಾಗಲಿಲ್ಲ.

ಅಮ್ಮ ಜಗಲಿಯಲ್ಲೇ ಕಾದಿದ್ದಳು. "ಏನಂದ್ರು ನಾಯ್ನಾ?"

"ಇನ್ನೊಂದ್ಸಲ ಬರ್ಬೇಕಂತೆ."

"ಯಾಕೆ?"

ಮುಂದಾಗಿಯೇ ಅಡಿಗೆಮನೆಗೆ ಹೋಗಿ ಪಾತ್ರೆಗೆ ಕೈಹಚ್ಚಿದ್ದ ಅಕ್ಕಯಮ್ಮನ ಕೈ ನಿಂತಿತು. ಗುರುವಪ್ಪ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದ. "ಮಿಷನ್ ಕೆಟ್ಟಿತ್ತು" ಎಂದ. ಒಳಗೆ ಪಾತ್ರೆಯೊಂದು ಜೋರಾಗಿಯೇ ಬಿತ್ತು. ಅಮ್ಮ ನಿಟ್ಟುಸಿರು ಬಿಟ್ಟು, "ಸದ್ಯ, ಗಂಜಿ ಕುಡ್ದು ಹೋಗಿದ್ದೆ, ತಡ್ಕೊಂಡೆ. ಬರೀ ಹೊಟ್ಟೆಯಾಗಿದ್ರೆ ಅಲ್ಲೇ ಬಿದ್ದೋಗ್ತಿದ್ದೆ" ಎಂದಳು.

ಆ ವಾರವೆಲ್ಲ ಅವನು ಡೈರಿಯಲ್ಲಿ ಯಾರ ಹಾಲನ್ನೂ ಹಿಂದಕ್ಕೆ ಕಳಿಸಲಿಲ್ಲ. ನೀರಾಗಿದ್ದ ಹಾಲನ್ನೂ ಕ್ಯಾನಿಗೆ ಸುರಿದುಕೊಂಡ. ಹಾಲಿನ ಲಾರಿಯವನು ಬೈದು ಹೋದ. ದಿನಾ ಬೆಳಿಗ್ಗೆ ಕಕ್ಕಸಿನಲ್ಲಿ ಬಗ್ಗಿ ನೋಡುತ್ತಿದ್ದ. ಕೆಂಪು ಕಾಣುತ್ತಿರಲಿಲ್ಲ. ಕಾಣದ್ದು ಇದೆ ಎಂದು ಅವರು ಹೇಳಿದ್ದಾರಲ್ಲ, ಅದಕ್ಕೆ ಕಾಣದಿದ್ದರೂ ಸಮಾಧಾನವಿಲ್ಲ. ಹಸುವಿಗೆ ಹುಲ್ಲು ಹಾಕುವಾಗ, ಮಾವಿನ ಲಾರಿಗೆ ದಾರಿ ಬಿಟ್ಟು ನಿಂತಾಗ, ಒಳಗೆ ಒಂದು ಗಂಟು ಕೂತಿದೆ, ಅದು ತನ್ನ ಊಟವನ್ನೇ ಉಂಡು ಬೆಳೆಯುತ್ತಿದೆ ಎಂದು ಹೊಳೆಯುತ್ತಿತ್ತು. ಇಲ್ಲದೆಯೂ ಇರಬಹುದು. ಹಾಗೆ ಅಂದುಕೊಂಡರೂ ಆಯಾಸವೇ. ಅಕ್ಕಯಮ್ಮ ಏನೂ ಒತ್ತಾಯ ಮಾಡಲಿಲ್ಲ. ಮುದ್ದೆ ಬಿಟ್ಟು ಅನ್ನಕ್ಕೆ ಬರೀ ತಿಳಿಸಾರು ಹಾಕಲು ತೊಡಗಿದಳು. ಅವನೂ ಉಂಡ. ನಾಳೆ ಹೋಗುವುದು ಎನ್ನುವ ದಿನ ಗಾಜಿನ ಲೋಟವನ್ನು ತೊಳೆದು ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟಳು. "ಈ ಸಲ ನಾನೇನೂ ಕಾವಲು ಕಾಯಲ್ಲ" ಎಂದು ಅಷ್ಟೇ ಹೇಳಿ, ಸಂಜೆ ಗಂಡನ ಬದಲಿಗೆ ಹಾಲು ಹಾಕಿಸಿಕೊಳ್ಳಲು ಡೈರಿಗೆ ಹೋದಳು.

ಅವಳು ಬೀದಿ ತಿರುಗಿದ್ದೇ ತಡ, ಒಲೆಯ ಮೇಲೆ ರಾಗಿ ಕುದಿಯುವ ವಾಸನೆ ಬಂತು. ಗುರುವಪ್ಪ ಮೊದಲ ಲೋಟ ಪುಡಿಯ ನೀರನ್ನು ಮುಗಿಸಿ, ಉಪ್ಪುಪ್ಪು ನಾಲಿಗೆಯನ್ನು ಚಪ್ಪರಿಸುತ್ತ ಕೂತಿದ್ದ. ಹೊಟ್ಟೆ ಹಸಿದಿತ್ತು. ಅಮ್ಮನ ಹೆಜ್ಜೆ, ಗೋಡೆ ಸವರುವ ಸದ್ದು, ಸೆರಗಿನ ಕೆಳಗಿನ ಸ್ಟೀಲ್ ಲೋಟ. "ಕುಡಿ ನಾಯ್ನಾ, ಅವ್ಳು ಬರೋದ್ರೊಳಗೆ."

"ಅಮ್ಮಾ" ಎಂದ. "ಅವತ್ತು ಮಿಷನ್ ಕೆಟ್ಟಿರ್ಲಿಲ್ಲ."

"ಮತ್ತೆ?"

"ಗಂಜಿ ಅಡ್ಡ ಬಂತು. ಒಳಗೆಲ್ಲ ರಾಗಿ ಅಂಟ್ಕೊಂಡು ಅವರಿಗೆ ಏನೂ ಕಾಣ್ಲಿಲ್ಲ. ಅದಕ್ಕೇ ಹಿಂದಕ್ಕೆ ಕಳಿಸಿದ್ರು. ನಿನ್ನ ಸೊಸೆ ಬೈಸ್ಕೊಂಡ್ಳು."

ದೊಡ್ಡವೆಂಕಟಮ್ಮ ಲೋಟದೊಳಗೆ ನೋಡಿದಳು. "ಹಿಟ್ಟು ಒಂದು ಚಿಟಿಕೆ ಹಾಕಿದ್ದು ಕಣೋ. ನೀರಂಗೆ ಮಾಡಿದ್ನಲ್ಲ."

"ಆದ್ರೂ ಆಗಲ್ಲಮ್ಮ. ಕೊಡಂಗಿಲ್ಲ." ಅದೇ ಮಾತು ಬಾಯಿಂದ ಬಂದುಬಿಟ್ಟಿತ್ತು. ಅವಳ ಮುಖ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಲೋಟ ಹಿಡಿದ ಕೈಯನ್ನೇ ನೋಡಿದ.

"ಹಂಗಾದ್ರೆ ನಾನೇ ಕೆಡಿಸ್ದೆ."

"ಕುಡಿದೋನು ನಾನು."

ಅವಳು ಗೋಡೆ ಹಿಡಿದುಕೊಂಡು ಹೊರಟುಹೋದಳು. ಹಿತ್ತಲಲ್ಲಿ ಹಸುವಿನ ಕಲಗಚ್ಚಿನ ಬಾನಿಗೆ ಗಂಜಿ ಸುರಿದ ಸದ್ದಾಯಿತು. ಎರಡನೇ ಸಲ ಅವಳನ್ನು ಬಾಗಿಲಿಂದ ಹಿಂದಕ್ಕೆ ಕಳಿಸಿದ್ದಾಯಿತು ಎಂದುಕೊಂಡ. ಇನ್ನೊಂದು ಲೋಟ ಪುಡಿಯ ನೀರು ಸುರಿದುಕೊಂಡು, ಮೂಗು ಹಿಡಿದು ನುಂಗಿದ, ಮತ್ತೊಂದು ನುಂಗಿದ. ಹೊಟ್ಟೆಯೊಳಗೆ ಬೋರಿನ ಮೋಟರು ಎಳೆದಂತೆ ಗುಡುಗುಡು ಎಂದಿತು, ಓಡಿದ. ಬಂದು ಕೂತ, ಮತ್ತೆ ಓಡಿದ. ಹಿತ್ತಲ ಕಕ್ಕಸಿಗೂ ಮಂಚಕ್ಕೂ ನಡುವೆ ಎಷ್ಟು ಸಲ ತಿರುಗಿದನೋ, ಕೊನೆಕೊನೆಗೆ ಲುಂಗಿ ಸರಿಯಾಗಿ ಕಟ್ಟಿಕೊಳ್ಳುವ ಗೊಡವೆಯೂ ಉಳಿಯಲಿಲ್ಲ. ಹೋಗುತ್ತಿದ್ದದ್ದು ಈಗ ಬರೀ ನೀರು, ಆದರೂ ಇನ್ನೂ ಕಲಕು.

ಕಾಲೆಳೆದುಕೊಂಡು ಮತ್ತೆ ಒಳಗೆ ಬಂದಾಗ ಅಮ್ಮ ಮಂಚದ ತುದಿಯಲ್ಲಿ ಕೂತಿದ್ದಳು. ಸೀರೆಯ ಮೇಲೆ ತೆಂಗಿನ ಸಿಪ್ಪೆಯ ಚೂರುಗಳಿದ್ದವು. ಆ ವಯಸ್ಸಿನಲ್ಲೂ ಮಚ್ಚು ಹಿಡಿದರೆ ಅವಳಿಗೆ ಯಾರೂ ಬೇಕಿರಲಿಲ್ಲ. ಗಾಜಿನ ಲೋಟದ ತುಂಬ ಎಳನೀರು ಸೋಸಿ ತಂದಿದ್ದಳು. ಅದನ್ನು ದೀಪದ ಕಡೆಗೆ ಎತ್ತಿ ಹಿಡಿದು, ಲೋಟದ ಹಿಂದೆ ತನ್ನ ತೋರುಬೆರಳನ್ನು ಇಟ್ಟಳು. ಹುಣಸೆಕಾಯಿಯ ಹಾಗೆ ಸೊಟ್ಟಗಾದ ಬೆರಳು, ಕಪ್ಪಾದ ಉಗುರು.

"ಕಾಣ್ತಾ ಐತಾ?"

"ಕಾಣ್ತಾ ಐತೆ."

"ಹೋದ ಸಲಾನೇ ಹೇಳಿದ್ಲು ನಿನ್ನ ಹೆಂಡ್ತಿ, ಬೆರಳು ಕಾಣ್ಬೇಕು ಅಂತ. ನಾನೇ ಕಿವಿಗೆ ಹಾಕ್ಕೊಳ್ಲಿಲ್ಲ. ತಗೋ."

ಗುರುವಪ್ಪ ಕುಡಿದ. ಅವನ ಗಂಟಲು ಇಳಿದು ಏಳುವುದನ್ನು ಅವಳು ನೋಡುತ್ತಲೇ ಇದ್ದಳು. ಲೋಟ ಖಾಲಿಯಾದ ಮೇಲೆ, ಅದನ್ನು ಅವನ ಕೈಯಿಂದ ಇಸಿದುಕೊಳ್ಳುತ್ತ, ನೆಲ ನೋಡಿಕೊಂಡು ಕೇಳಿದಳು: "ಅವತ್ತು ಅವನಿಗೆ ಇಷ್ಟಾದ್ರೂ ಕೊಟ್ಟಿದ್ರಾ?"

ಕೊಟ್ಟಿದ್ದರು ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಡಾಕ್ಟರಿಗೆ ಒಂದು ಸುಳ್ಳು, ತಾಜ್ ಪಾಷಾಗೆ ಒಂದು, ಇವಳಿಗೇ ಒಂದು. ಇನ್ನೊಂದು ಹೇಳುವುದೇನು ಕಷ್ಟವಲ್ಲ. ಆದರೆ ಅವನಿಗೆ ಸಾಕಾಗಿತ್ತು. ಸುಳ್ಳು ಹೇಳುವುದಕ್ಕೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕು.

"ಇಲ್ಲಮ್ಮ. ನೀರೂ ಕೊಡಂಗಿರ್ಲಿಲ್ಲ. ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತು ಅಂದ್ರು. ಒತ್ತಿದ್ದೆ. ಅದನ್ನೇ ಚೀಪ್ದ."

"ಯಾರು ಒತ್ತಿದ್ದು? ನೀನಾ?"

"ನಾನೇ. ನೀನು ಹೋದ ಮೇಲೆ, ರಾತ್ರಿಯೆಲ್ಲ."

ಅಮ್ಮ ಖಾಲಿ ಲೋಟವನ್ನು ಸೆರಗಿನಿಂದ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. "ಬಿಡು" ಎಂದಳು ಕೊನೆಗೆ. "ನಿನ್ನ ಕೈಯಿಂದ ಅಷ್ಟಾದ್ರೂ ಹೋಗಿತ್ತಲ್ಲ. ಬಾಯಿ ಒಣಗಿಸ್ಕೊಂಡು ಹೋದ ಅಂತಲೇ ತಿಳ್ಕೊಂಡಿದ್ದೆ ನಾನು."

ಅವನು ಏನೋ ಹೇಳಬೇಕೆಂದು ಅವಳ ಕಡೆ ತಿರುಗಿದ. ಅಷ್ಟರಲ್ಲಿ ಹೊಟ್ಟೆ ಮತ್ತೆ ಗುಡುಗುಡು ಎಂದು, ಲುಂಗಿ ಹಿಡಿದುಕೊಂಡು ಏಳಬೇಕಾಯಿತು.

"ಹೋಗು ನಾಯ್ನಾ" ಎಂದಳು ದೊಡ್ಡವೆಂಕಟಮ್ಮ. "ಇರೋದೆಲ್ಲ ಹೋಗ್ಲಿ. ನಾಳೆ ಅವರಿಗೆ ಚೆನ್ನಾಗಿ ಕಾಣ್ಲಿ."

ಅವನು ಕಕ್ಕಸಿನ ಬಾಗಿಲು ಹಾಕಿಕೊಳ್ಳುತ್ತಿದ್ದಾಗ ಹಿತ್ತಲಲ್ಲಿ ಅವಳು ಇನ್ನೊಂದು ಎಳನೀರನ್ನು ಕೊಚ್ಚತೊಡಗಿದಳು.